ನೋಮಿನ ಕಜ್ಜಾಯ, ಸೀಗಡಿ ಪುಡಿ

ಹೋದ ತಿಂಗಳು ಕೋಲಾರಕ್ಕೆ ಹೋದಾಗ ಲೈನಿಂಗ್ ಬಟ್ಟೆ ಕೊಳ್ಳೋಣವೆಂದು ಹಳೇ ಪೇಟೆಯ ಕಡೆ ನಡೆದೆ. ಅಲ್ಲಿ ಇಬ್ಬರು ಹೆಂಗಸರು ಗೋಣಿಚೀಲ ಹಾಸಿಕೊಂಡು ಒಣಮೀನು, ಒಣಸೀಗಡಿ ಗುಡ್ಡೆ ಹಾಕಿ ಕೂತಿದ್ದರು. ನಾನು ಹುಟ್ಟಿದ್ದು ಮುಳಬಾಗಿಲಿನ ಪುರೋಹಿತರ ಮನೆಯಲ್ಲಿ. ಅಂಥ ಸಾಲು ಎದುರಾದರೆ ಸೆರಗು ತಾನಾಗಿ ಮೂಗಿಗೆ ಏರುತ್ತದೆ, ಕಾಲು ರಸ್ತೆಯ ಆಚೆ ಬದಿಗೆ ಹೋಗುತ್ತದೆ. ಅವತ್ತು ಎರಡೂ ಆಗಲಿಲ್ಲ. ನಿಂತೇಬಿಟ್ಟೆ. ಮಾರುವವಳು ತಲೆಯೆತ್ತಿ, "ಏನಮ್ಮಾ, ಸೇರು ಬೇಕಾ, ಅರ್ಧ ಸೇರಾ?" ಎಂದಳು. ಏನೂ ಬೇಡವೆಂದು ತಲೆಯಾಡಿಸಿ ಮುಂದೆ ಹೋದೆ. ಆದರೆ ನಾಲ್ಕು ವರ್ಷದ ಹಿಂದಿನ ಆ ಆಶ್ವೀಜ ಮಾಸ ಬೆನ್ನು ಹತ್ತಿ ಬಂದಿತ್ತು.

ಆಗ ನಮ್ಮ ಯಜಮಾನರು ಕೋಲಾರದಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ನನ್ನ ಟೈಲರಿಂಗ್ ಅಂಗಡಿ. ಬ್ಲೌಸು, ಫಾಲ್ಸು, ಶಾಲೆಯ ಯೂನಿಫಾರ್ಮು, ಇಷ್ಟೇ ನನ್ನ ಪ್ರಪಂಚ. ನಮ್ಮ ಬೀದಿಯ ಕೊನೆಯಲ್ಲಿ ಸೈನ್ಯದಿಂದ ನಿವೃತ್ತರಾದ ಒಬ್ಬ ಹವಾಲ್ದಾರರಿದ್ದರು. ಅವರ ಹೆಸರು ವೆಂಕಟಸ್ವಾಮಿ ಎಂದು ನನಗೆ ಗೊತ್ತಾಗಿದ್ದೇ ಬಹಳ ತಡವಾಗಿ, ಊರಿಗೆಲ್ಲ ಅವರು ಬರೀ ಹವಾಲ್ದಾರರು. ಒಂದು ಬೆಳಿಗ್ಗೆ ಅವರು ಬಿಳಿ ಮಾರ್ಕಿನ್ ಬಟ್ಟೆಯ ಥಾನು ಹೊತ್ತುಕೊಂಡು ಬಂದು ನನ್ನ ಮೆಷಿನ್ನಿನ ಮೇಲೆ ಧಪ್ಪೆಂದು ಇಟ್ಟರು.

"ಸುಧಮ್ಮ, ನಮ್ ಕಡೆ ಹುಡುಗ್ರು ಹತ್ತು ಹನ್ನೆರಡು ಜನ ದಕ್ಷಿಣ ಸುಡಾನಿಗೆ ಹೋಗವ್ರೆ. ಶಾಂತಿ ಕಾಯೋ ಸೇನೆ ಅಂತಾರಲ್ಲ, ನೀಲಿ ಟೋಪಿ, ಅದು. ದೀಪಾವಳಿಗೆ ಮನೆ ತಿಂಡಿ ಕಳ್ಸೋಣ ಅಂತ. ಬೆಂಗ್ಳೂರಿಗೆ ನಾನ್ ತಲುಪಿಸ್ತೀನಿ, ಅಲ್ಲಿಂದ ಸೈನ್ಯದೋರು ವಿಮಾನಕ್ಕೆ ಹಾಕ್ತಾರೆ. ನೀವು ಹೊಲಿದು ಕೊಡ್ಬೇಕು."

ನಿಯಮಗಳನ್ನು ಅವರು ಕವಾಯತಿನ ದನಿಯಲ್ಲಿ ಹೇಳಿದರು. ಒಬ್ಬ ಹುಡುಗನಿಗೆ ಒಂದೇ ಗಂಟು. ಐದು ಕೆಜಿಗಿಂತ ಒಂದು ಗ್ರಾಂ ಹೆಚ್ಚಿರಬಾರದು. ಗಾಜಿನ ಬಾಟಲು ಬೇಡ, ಎಣ್ಣೆ ಸೋರಬಾರದು. ನಾಲ್ಕು ಕಡೆಯೂ ಬಟ್ಟೆ ಹೊಲಿದಿರಬೇಕು. ಹೊಲಿಗೆ ಕೂಲಿ ಎಷ್ಟು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ವರ್ಷ ಮಹಾಲಯ ಕಳೆದರೂ ಮಳೆ ಬಿಟ್ಟಿರಲಿಲ್ಲ. ಜಡಿಮಳೆಯಲ್ಲ, ಬಟ್ಟೆ ಒಣಗದ ಹಾಗೆ, ಜನ ಕೊಡೆ ಬಿಚ್ಚಲೋ ಬೇಡವೋ ಎನ್ನುವ ಹಾಗೆ ದಿನವಿಡೀ ಉದುರುವ ತುಂತುರು. ನನಗೆ ಹಿಡಿದ ನೆಗಡಿ ಹದಿನೈದು ದಿನವಾದರೂ ಇಳಿದಿರಲಿಲ್ಲ. ಆ ನೆಗಡಿಯನ್ನು ನೀವು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಆದದ್ದರಲ್ಲಿ ಅರ್ಧ ತಪ್ಪು ಅದರದು. ಉಳಿದರ್ಧ ನನ್ನದು.

ಸುದ್ದಿ ಹಬ್ಬಿ ಜನ ಬರತೊಡಗಿದರು. ಶ್ರೀನಿವಾಸಪುರದ ಕಡೆಯಿಂದ ಬಂದ ಒಬ್ಬಾಕೆ ಮಾವಿನಕಾಯಿ ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಮುಚ್ಚಳದ ಸುತ್ತ ಮೈದಾ ಹಿಟ್ಟಿನ ಕಣಕ ಮೆತ್ತಿಕೊಂಡು ತಂದಿದ್ದರು. ನಂಗಲಿಯಿಂದ ಬಂದ ಲಾರಿ ಡ್ರೈವರು ಎರಡು ಕೆಜಿ ರಾಗಿ ಹುರಿಹಿಟ್ಟಿನ ಜೊತೆಗೆ ಒಂದು ಶೇವಿಂಗ್ ಸೆಟ್ಟು ಇಟ್ಟರು. "ಹಬ್ಬದ ತಿಂಡಿ ಜೊತೆ ಇದ್ಯಾಕಣ್ಣ?" ಎಂದರೆ, "ಅಲ್ಲೂ ಗಡ್ಡ ಬೆಳೀತೈತಲ್ಲಮ್ಮ" ಎಂದರು. ಇನ್ನೊಬ್ಬ ತಾಯಿ ಗಂಟಿನ ಮೇಲೆ ವಿಳಾಸದ ಕೆಳಗೆ 'ನಿಧಾನವಾಗಿ ತಿನ್ನು' ಎಂದು ಬರೆಯಲು ಹೇಳಿದರು. ಬರೆದೆ. ಒಂದು ವಾರದಲ್ಲಿ ನನ್ನ ಕೋಣೆ ಬೆಲ್ಲ, ಎಳ್ಳು, ಹುರಿದ ಕಡಲೆಕಾಯಿಯ ಘಮದಿಂದ ತುಂಬಿದೆ ಎಂದು ಮಕ್ಕಳು ಹೇಳುತ್ತಿದ್ದರು. ನನಗೆ ಮಾತ್ರ ಒಂದೂ ತಿಳಿಯುತ್ತಿರಲಿಲ್ಲ.

ಒಂದು ಸೋಮವಾರ ಹೋಳೂರಿನ ಮುನಿವೆಂಕಟಮ್ಮ ಬಂದರು. ರೇಷ್ಮೆ ಹುಳ ಸಾಕುವ ಮನೆಯವರು. ಎತ್ತರದ ಆಳು, ಮಾತಿನಲ್ಲಿ ಕನ್ನಡ ಎಷ್ಟೋ ತೆಲುಗೂ ಅಷ್ಟೇ. ತಲೆಯ ಮೇಲಿಂದ ಹಿತ್ತಾಳೆಯಂತೆ ಹೊಳೆಯುವ ತಗಡಿನ ಡಬ್ಬಿಯನ್ನು ಇಳಿಸಿ, ಕೂರಲು ಕುರ್ಚಿ ಕೊಟ್ಟರೂ ಕೂರದೆ ನಿಂತರು.

"ನಮ್ ನಾಗೇಶಂಗೆ. ಇಪ್ಪತ್ತೊಂದು ಕಜ್ಜಾಯ ಐತೆ, ನೋಮಿಂದು. ಮಡೀಲಿ ಮಾಡಿದ್ದು. ಇದಕ್ಕೆ ಬೇರೆ ಏನೂ ತಗಲಿಸ್ಬೇಡ ತಾಯಿ."

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಸೀಮೆಯಲ್ಲಿ ದೀಪಾವಳಿಗೆ ನೋಮು ಇರುವ ಮನೆ, ನೋಮು ಇಲ್ಲದ ಮನೆ ಎಂದು ಎರಡು ಬಗೆ. ನೋಮು ಇರುವವರು ಅಮಾವಾಸ್ಯೆಯ ದಿನ ಉಪವಾಸವಿದ್ದು, ಇಪ್ಪತ್ತೊಂದು ಕಜ್ಜಾಯ ಮಾಡಿ ಕೇದಾರೇಶ್ವರನ ಪೂಜೆ ಮಾಡುತ್ತಾರೆ. ಪೂಜೆ ಮಾಡಿದ ದಾರವನ್ನು ಮನೆಯವರೆಲ್ಲ ಕೈಗೆ ಕಟ್ಟಿಕೊಂಡ ಮೇಲೆಯೇ ಕಜ್ಜಾಯ ಬಾಯಿಗೆ. ಯಾರ ಕೈಯಲ್ಲಿ ಆ ದಾರವಿದೆಯೋ ಅವರು ಆ ಮನೆಯವರು. ಮುನಿವೆಂಕಟಮ್ಮ ಕಜ್ಜಾಯದ ಮೇಲೆ ಬಾಳೆಲೆ ಹಾಸಿ, ಅದರ ಮೇಲೆ ಅರಿಶಿನ ಹಚ್ಚಿದ ಒಂದು ದಾರ ಇಟ್ಟಿದ್ದರು. ಅಮಾವಾಸ್ಯೆಯ ದಿನ ಇಲ್ಲಿ ಪೂಜೆ ಮುಗಿದ ಕೂಡಲೇ ಫೋನು ಮಾಡುತ್ತಾರಂತೆ, ಅಲ್ಲಿ ಮಗ ದಾರ ಕಟ್ಟಿಕೊಂಡು ತಿನ್ನಬೇಕಂತೆ.

"ಒಂದೇ ದಾರ ಇದೆಯಲ್ಲಮ್ಮ. ನಾಗೇಶನಿಗೆ ಮದುವೆಯಾಯ್ತು ಅಂತ ಹವಾಲ್ದಾರರು ಹೇಳ್ತಿದ್ದರು" ಎಂದೆ. ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ.

"ಅದು ನಿಂಗ್ಯಾಕಮ್ಮ? ನೀನು ಹೊಲಿ" ಎಂದರು. ಆಮೇಲೆ ಬಾಗಿಲವರೆಗೆ ಹೋದವರು ತಿರುಗಿ ಬಂದು, ದನಿ ತಗ್ಗಿಸಿದರು. "ಅವರಪ್ಪ ಒಂದೇ ಒಂದು ವರ್ಷ ನೋಮು ಬಿಟ್ರು. ಊರಾಗಿರ್ಲಿಲ್ಲ ಅಂತ. ಮುಂದಿನ್ ದೀಪಾವಳಿಗೆ ಅವ್ರೇ ಇರ್ಲಿಲ್ಲ. ಇವ್ನು ತುಪಾಕಿ ಹಿಡಿದಿರೋ ಜನದ ಮಧ್ಯ ಅವ್ನೆ. ಒಸಿ ಹುಷಾರಾಗಿ ಹೊಲಿಯಮ್ಮ."

ಮರುದಿನ ಟೇಕಲ್ಲಿನಿಂದ ಒಬ್ಬ ಹುಡುಗಿ ಬಂದಳು. ಇಪ್ಪತ್ತಮೂರು ಇಪ್ಪತ್ತನಾಲ್ಕು ವಯಸ್ಸು, ಮಳೆಯಲ್ಲಿ ನೆನೆದ ಚೂಡಿದಾರ, ಕೈಯಲ್ಲೊಂದು ಸ್ಟೀಲು ಡಬ್ಬಿ. ಹೆಸರು ಭಾಗ್ಯ. ಯಾರಿಗೆ ಎಂದರೆ, "ನಮ್ಮನೆಯವರಿಗೆ. ನಾಗೇಶ್ ಅಂತ, ಹೋಳೂರು" ಎಂದಳು. ಅವಳು ಮಾಲೂರಿನ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಳಂತೆ, ಅವನು ರಜೆಗೆ ಬಂದಾಗ ರೈಲಿನಲ್ಲಿ ಪರಿಚಯ. ಜಾತಿ ಬೇರೆ, ನೋಮು ಇಲ್ಲದ ಮನೆ. ದೇವಸ್ಥಾನದಲ್ಲಿ ನಡೆದ ಮದುವೆಗೆ ಅತ್ತೆ ಬರಲಿಲ್ಲ. ಎರಡು ತಿಂಗಳಿಗೆ ಅವನು ಸುಡಾನಿಗೆ ಹೊರಟ. ಅಂದಿನಿಂದ ಇವಳು ತವರಿನಲ್ಲೇ. ಹೋಳೂರಿನ ಮನೆ ಹೇಗಿದೆ ಎಂದೂ ಅವಳು ನೋಡಿರಲಿಲ್ಲ.

"ಅವ್ರ ಮನೆಯಿಂದ ಆಗಲೇ ಬಂದಿದೆಯಮ್ಮ. ಒಬ್ಬರಿಗೆ ಒಂದೇ ಗಂಟು" ಎಂದೆ.

ಅವಳು ವಾದ ಮಾಡಲಿಲ್ಲ. ಡಬ್ಬಿಯನ್ನು ಎದೆಗೆ ಒತ್ತಿಕೊಂಡು, "ಹೌದಾ ಅಕ್ಕ" ಎಂದಳು. "ಅಲ್ಲಿ ದಿನಾ ಬೇಳೆ, ಆಲೂಗಡ್ಡೆಯಂತೆ. ನಾಲಿಗೆ ಸತ್ತೋಗೈತೆ, ಒಂಚೂರು ನಿನ್ ಕೈಯಿಂದು ಚಟ್ನಿಪುಡಿ ಕಳಿಸು ಅಂದಿದ್ರು. ಮದ್ವೆ ಆದಮೇಲೆ ಅವ್ರು ಕೇಳಿದ್ದು ಇದೊಂದೇ."

ಅತ್ತ ದರಿ, ಇತ್ತ ಪುಲಿ. ಒಬ್ಬರ ಗಂಟಿಗೆ ಏನೂ ತಗಲಿಸಬಾರದು, ಇನ್ನೊಬ್ಬಳನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಿಲ್ಲ. "ಇಟ್ಟು ಹೋಗು, ಏನಾದರೂ ಮಾಡ್ತೀನಿ" ಎಂದುಬಿಟ್ಟೆ.

ಮಾಡಿದ್ದು ಇಷ್ಟು. ತಗಡಿನ ಡಬ್ಬಿ, ಸ್ಟೀಲು ಡಬ್ಬಿ ಎರಡನ್ನೂ ಒಟ್ಟಿಗೆ ತೂಗಿದರೆ ಐದು ಕೆಜಿ ದಾಟುತ್ತಿತ್ತು. ಸ್ಟೀಲು ಡಬ್ಬಿ ತೆರೆದೆ. ಒಳಗೆ ಎರಡು ಬನಿಯನ್ನು, ಕಡಲೆಕಾಯಿ ಉಂಡೆ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಟೇಪು ಸುತ್ತಿದ ನಾಲ್ಕು ಪುಟ್ಟ ಚಟ್ನಿಪುಡಿ ಪೊಟ್ಟಣ. ಕಜ್ಜಾಯದ ಡಬ್ಬಿಯಲ್ಲಿ ಸಂದುಗೊಂದುಗಳಲ್ಲಿ ಜಾಗವಿತ್ತು. ಅಲ್ಲಾಡಿದರೆ ಕಜ್ಜಾಯ ಒಡೆಯುತ್ತದೆ. ಬನಿಯನ್ನು ತಳಕ್ಕೆ ಮೆತ್ತೆಯಾಗಿ ಹಾಸಿದೆ, ಉಂಡೆಗಳನ್ನು ಮೂಲೆಗಿಟ್ಟೆ, ಪೊಟ್ಟಣಗಳನ್ನು ಕಜ್ಜಾಯದ ನಡುನಡುವೆ ತುರುಕಿದೆ. ಒಂದು ಪೊಟ್ಟಣದ ಟೇಪು ಬಿಟ್ಟುಕೊಂಡು ಸ್ವಲ್ಪ ಪುಡಿ ಬಾಳೆಲೆಯ ಮೇಲೆ ಉದುರಿತು. ಊದಿ, ಸೆರಗಿನಲ್ಲಿ ಒರೆಸಿದೆ. ಮಡಿಯ ಮಾತು ನೆನಪಾಗಲಿಲ್ಲವೆ? ಆಯಿತು. ಆದರೆ ಇದೂ ಮನೆಯ ತಿಂಡಿ, ಅದೂ ಮನೆಯ ತಿಂಡಿ, ಅಲ್ಲಿ ಕೂತು ತಿನ್ನುವವನು ಒಬ್ಬನೇ ಎಂದುಕೊಂಡೆ. ಅಷ್ಟೇ ಅಲ್ಲ, ಎರಡು ಊರಿಗೆ ಹರಿದುಹೋಗಿದ್ದ ಒಂದು ಮನೆಯನ್ನು ಮಾರ್ಕಿನ್ ಬಟ್ಟೆಯಲ್ಲಿ ಹೊಲಿದುಬಿಟ್ಟೆ ಎಂದು ಜಂಬ ಬೇರೆ. ಆ ರಾತ್ರಿ ಯಜಮಾನರಿಗೆ ಹೇಳಿ ಹೊಗಳಿಸಿಕೊಂಡೆ. ಬುಧವಾರ ಬೆಳಿಗ್ಗೆ ಹವಾಲ್ದಾರರು ಗಂಟುಗಳನ್ನೆಲ್ಲ ಜೀಪಿಗೆ ಹಾಕಿಕೊಂಡು ಬೆಂಗಳೂರಿಗೆ ಹೊರಟರು.

ಶುಕ್ರವಾರ ಭಾಗ್ಯ ಏನಾಯಿತೆಂದು ಕೇಳಿಕೊಂಡು ಬಂದಳು, ಖಾಲಿ ಸ್ಟೀಲು ಡಬ್ಬಿಯನ್ನು ಅವಳ ಕೈಗಿಟ್ಟೆ. ನಾನು ದೊಡ್ಡ ಉಪಕಾರ ಮಾಡಿದವಳ ಗತ್ತಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ನಿಮ್ಮ ಅತ್ತೆಯ ಕಜ್ಜಾಯದ ಮಧ್ಯೆ ನಿನ್ನ ಚಟ್ನಿಪುಡಿ ಬೆಚ್ಚಗೆ ಕೂತಿದೆ ಎಂದೆ. ಅವಳ ಮುಖದಲ್ಲಿದ್ದ ನಗು ಹಾಗೇ ಇಂಗಿತು.

"ಕಜ್ಜಾಯ... ನೋಮಿಂದಾ ಅಕ್ಕ?"

"ಹೌದು."

"ಅಯ್ಯೋ ಅಕ್ಕಾ. ಅದು ಸೀಗಡಿ ಪುಡಿ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಒಣಸೀಗಡಿಯನ್ನು ಹುರಿದು ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಕುಟ್ಟಿದ್ದು ಎಂದು ಅವಳೇ ಬಿಡಿಸಿ ಹೇಳಿದಳು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಅದೂ ಆ ಪುಡಿ ಒರೆಸಿದ ಸೀರೆಯನ್ನೇ ಉಟ್ಟುಕೊಂಡು ನಾನು ಅವತ್ತು ಸಂಜೆ ದೇವರಿಗೆ ದೀಪ ಹಚ್ಚಿದ್ದೆ! ಹವಾಲ್ದಾರರಿಗೆ ಫೋನು ಮಾಡಿದರೆ, ಗಂಟುಗಳು ಗುರುವಾರವೇ ಹೋಗಿಯಾಗಿದೆ, ಇನ್ನು ವಿಮಾನವಿರುವುದು ಮುಂದಿನ ತಿಂಗಳ ಕೊನೆಗೆ ಎಂದರು.

ನಾನು ಬಹಳ ಬೇಗ ಒಂದು ಉಪಾಯ ಹುಡುಕಿದೆ. ಹುಡುಕಿದ್ದು ನನ್ನ ತಲೆ ಉಳಿಸಿಕೊಳ್ಳುವ ಉಪಾಯ ಎಂದು ಈಗ ಒಪ್ಪಿಕೊಳ್ಳುತ್ತೇನೆ. "ನೋಡು ಭಾಗ್ಯ, ನಾಗೇಶನಿಗೆ ಫೋನು ಮಾಡಿ ಹೇಳಿಬಿಡು. ಗಂಟು ಬಂದ ಕೂಡಲೇ ಪೊಟ್ಟಣ ತೆಗೆದು ಬೇರೆ ಇಡಲಿ. ಅತ್ತೆಗೆ ಗೊತ್ತಾಗೋದೇ ಬೇಡ. ಗೊತ್ತಾದರೆ ನಿನ್ನನ್ನು ಈ ಜನ್ಮದಲ್ಲಿ ಆ ಮನೆಗೆ ಸೇರಿಸಲ್ಲ."

ಅವಳು ಖಾಲಿ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತಿದ್ದಳು.

"ಅದು ನಂಗೂ ಗೊತ್ತು ಅಕ್ಕ. ನೋಮು ಗೀಮು ನಂಗೇನೂ ಅಷ್ಟು ನಂಬಿಕೆ ಇಲ್ಲ. ಆದ್ರೆ ಅತ್ತೆ ನಂಬ್ತಾರಲ್ಲ. ಮಗನ ಜೀವ ಅದರಾಗೈತೆ ಅಂತ ಉಪವಾಸ ಕೂತ್ಕೋತಾರೆ. ಅವ್ರು ಅಷ್ಟು ಮಡೀಲಿ ಮಾಡಿದ್ದನ್ನ ನಾವು ಕೆಡಿಸಿ, ಬಾಯಿ ಮುಚ್ಕೊಂಡಿದ್ರೆ? ನಾಳೆ ನಮ್ಮನೆಯವ್ರಿಗೆ ಅಲ್ಲಿ ಕಾಲಿಗೆ ಮುಳ್ಳು ಚುಚ್ಚಿದ್ರೂ ನಾನ್ ನಿದ್ದೆ ಮಾಡಕ್ಕಾಗಲ್ಲ." ಎದ್ದು ನಿಂತಳು. "ಹೋಳೂರಿಗೆ ಯಾವ ಬಸ್ಸು ಅಕ್ಕ?"

ನನಗೆ ಆಗ ನಲವತ್ತೆಂಟು ವಯಸ್ಸು. ಆ ಹುಡುಗಿಯ ಎದುರು ನಿಂತಷ್ಟು ಸಣ್ಣವಳಾಗಿ ನಾನು ಯಾವತ್ತೂ ಯಾರೆದುರೂ ನಿಂತಿರಲಿಲ್ಲ. ಅಂಗಡಿಗೆ ಬೀಗ ಹಾಕಿ ಅವಳ ಜೊತೆ ಹೊರಟೆ.

ಬಸ್ಸಿನ ದಾರಿಯುದ್ದಕ್ಕೂ ತೆನೆ ಕಟ್ಟಿದ ರಾಗಿ ಮಳೆಯ ಭಾರಕ್ಕೆ ಒಂದು ಕಡೆ ವಾಲಿತ್ತು. ಟೊಮೇಟೊ ತೋಟಗಳಲ್ಲಿ ಹಣ್ಣು ಬಿಡಿಸುವವರು ಪ್ಲಾಸ್ಟಿಕ್ ಚೀಲವನ್ನು ಕೊಪ್ಪೆಯ ಹಾಗೆ ತಲೆಗೆ ಹಾಕಿಕೊಂಡಿದ್ದರು. ಹೋಳೂರಿನಲ್ಲಿ ಇಳಿದಾಗ ಭಾಗ್ಯ ನಲ್ಲಿಯ ಹತ್ತಿರ ನಿಂತು ಮುಖ ತೊಳೆದುಕೊಂಡಳು. ಬ್ಯಾಗಿನಿಂದ ಕುಂಕುಮ ತೆಗೆದು ಹಚ್ಚಿಕೊಂಡು, "ಸರಿಯಾಗೈತಾ ಅಕ್ಕ?" ಎಂದು ಕೇಳಿದಳು. ಗಂಡನ ಮನೆಗೆ ಮೊದಲ ಸಲ ಹೋಗುವವಳು ಹೀಗೆ ಹೋಗಬೇಕಾಯಿತಲ್ಲ ಎಂದುಕೊಂಡೆ.

ಮುನಿವೆಂಕಟಮ್ಮ ರೇಷ್ಮೆ ಹುಳದ ಕೋಣೆಯ ಬಾಗಿಲಲ್ಲಿ ಸೊಪ್ಪು ಕತ್ತರಿಸುತ್ತಿದ್ದರು. ಹುಳುಗಳು ಸೊಪ್ಪು ಮೇಯುವ ಸದ್ದು ಹೊರಗೂ ಕೇಳುತ್ತಿತ್ತು. ನನ್ನನ್ನು ಕಂಡು ಏಳಲು ಹೋದವರು ನನ್ನ ಹಿಂದಿದ್ದವಳನ್ನು ಕಂಡು ಮತ್ತೆ ಕೂತರು. ಅವಳು ಯಾರೆಂದು ಅವರಿಗೆ ಗೊತ್ತಿತ್ತು, ಫೋಟೋ ನೋಡಿದ್ದರು.

"ಹುಳದ ಮನೆ ಹತ್ರ ಬರ್ಬೇಡಿ, ಅಲ್ಲೇ ಇರಿ" ಎಂದರು. ಹೊರಗಿನವರು ಬಂದರೆ ಹುಳುವಿಗೆ ರೋಗ ತಗಲುತ್ತದೆ, ಹಾಗೆ ಹೇಳುವುದು ರೂಢಿ. ಆದರೂ ಆ ಮಾತು ನಮ್ಮಿಬ್ಬರಿಗೂ ಚುಚ್ಚಿತು.

ಅಂಗಳದಲ್ಲೇ ನಿಂತು ನಾನು ಮೊದಲು ಬಾಯಿ ಬಿಟ್ಟೆ. ತಪ್ಪು ನನ್ನದು, ನನಗೆ ಗೊತ್ತಿರಲಿಲ್ಲ, ಎರಡನ್ನೂ ಸೇರಿಸಿದವಳು ನಾನು ಎಂದು ಗಡಿಬಿಡಿಯಲ್ಲಿ ಹೇಳಿದೆ. ಮುನಿವೆಂಕಟಮ್ಮ ಕತ್ತಿ ಕೆಳಗಿಟ್ಟರು.

"ನಿನ್ ಕೈ ಸೇದೋಗ! ಏನೂ ತಗಲಿಸ್ಬೇಡ ಅಂತ ಕೈ ಮುಗಿದು ಹೇಳಿ ಬಂದಿದ್ನಲ್ಲೇ! ಏನು ಸೇರ್ಸಿದ್ದು?"

ನನ್ನ ಬಾಯಿಂದ ಆ ಹೆಸರು ಹೊರಡಲಿಲ್ಲ. ಭಾಗ್ಯ ಒಂದು ಹೆಜ್ಜೆ ಮುಂದೆ ಬಂದಳು.

"ಸೀಗಡಿ ಪುಡಿ ಅತ್ತೆ. ನಾನು ಮಾಡಿದ್ದು. ನಿಮ್ ಕಜ್ಜಾಯದ್ ಜೊತೆ ಹೋಗ್ತೈತೆ ಅಂತ ನಂಗೊತ್ತಿರ್ಲಿಲ್ಲ. ಗೊತ್ತಾದ್ಮೇಲೆ ಹೇಳ್ದೆ ಇರಕ್ಕಾಗ್ಲಿಲ್ಲ. ಅವ್ರಿಗೆ ಏನೂ ಆಗದಂಗೆ ಏನ್ ಮಾಡ್ಬೇಕೋ ನೀವು ಮಾಡಿ. ನಾನು ಹೊರಡ್ತೀನಿ."

ಮುನಿವೆಂಕಟಮ್ಮ "ದೇವುಡಾ" ಎಂದು ಹಣೆ ಹಿಡಿದುಕೊಂಡರು. ಆಮೇಲೆ ತಲೆಯೆತ್ತಿ ಭಾಗ್ಯಳನ್ನು ದಿಟ್ಟಿಸಿ ನೋಡಿದರು.

"ಇದನ್ನ ಹೇಳಕ್ಕೆ ಟೇಕಲ್ಲಿಂದ ಬಂದ್ಯಾ?"

"ಹೂಂ."

"ನಾನ್ ಏನಂತೀನಿ ಅಂತ ಗೊತ್ತಿದ್ದೂ?"

ಭಾಗ್ಯ ತಲೆ ತಗ್ಗಿಸಿದಳು. ಮುನಿವೆಂಕಟಮ್ಮ ಎದ್ದು, ಕೈಗಂಟಿದ ಸೊಪ್ಪನ್ನು ಕೊಡವಿಕೊಂಡು ಮನೆಯೊಳಗೆ ಹೋದರು. ನಾವು ಅಂಗಳದಲ್ಲಿ ನೆನೆಯುತ್ತ ನಿಂತೆವು. ಮುಗಿಯಿತು, ಇನ್ನು ಬಸ್ಸಿಗೆ ಹೋಗೋಣ ಎಂದು ನಾನು ಅವಳ ಕೈ ಹಿಡಿದೆ. ಅಷ್ಟರಲ್ಲಿ ಒಳಗಿನಿಂದ, ಅವರು ಯಾರಿಗೋ ಮಾಡಿದ ಫೋನು ಆ ಕಡೆ ರಿಂಗಾಗುವ ಸದ್ದು ಬಂತು.

ಬಾಗಿಲಿನಿಂದ ನಡುಮನೆ ಕಾಣುತ್ತಿತ್ತು. ಫೋನನ್ನು ಚಾರ್ಜಿಗೆ ಹಾಕಿದ್ದರು, ವಯರು ಗಿಡ್ಡ. ಮುನಿವೆಂಕಟಮ್ಮ ಗೋಡೆಗೆ ಅಂಟಿಕೊಂಡಂತೆ ನಿಂತು, ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿಕೊಂಡು ಪರದೆ ನೋಡುತ್ತಿದ್ದರು. ಆ ಕಡೆಯಿಂದ ನಾಗೇಶನ ದನಿ ಬಂತು.

"ಏನಮ್ಮಾ, ಈ ಹೊತ್ನಲ್ಲಿ ವಿಡಿಯೋ ಕಾಲು? ಎಲ್ರೂ ಚೆನ್ನಾಗವ್ರಾ?"

"ಚೆನ್ನಾಗೇ ಅವ್ರೆ ನಾಯ್ನಾ. ತಿಂಡಿ ತಿಂದ್ಯಾ? ಕೇಳು. ಗಂಟು ಬಂದ್ರೆ ಕಜ್ಜಾಯ ಮುಟ್ಬೇಡ. ಮೈಲಿಗೆ ಆಗೋಗೈತೆ. ದಾರಾನೂ ಕಟ್ಕೋಬೇಡ."

"ಯಾಕಮ್ಮ? ಏನಾಯ್ತು?"

"ಆಯ್ತು ಏನೋ, ಬಿಡು. ಇನ್ನೊಂದ್ ಸಲ ಮಾಡಿ ಕಳ್ಸಿದ್ರೂ ಹಬ್ಬಕ್ಕೆ ಬರಲ್ಲ."

ಅಪ್ಪನ ವಿಷಯ ನಾಗೇಶನಿಗೂ ಗೊತ್ತಿತ್ತಲ್ಲ. "ಹಂಗಾದ್ರೆ ನನ್ ಪಾಲಿನ ನೋಮು ಈ ವರ್ಷ ಇಲ್ವಾಮ್ಮ?" ಎಂದ. ಸೈನಿಕನ ದನಿಯಲ್ಲ, ಮಗನ ದನಿ.

"ಯಾಕಿಲ್ಲ? ಬಿಟ್ಟಾರಾ?" ಮುನಿವೆಂಕಟಮ್ಮ ಗದರಿದರು. "ಇಲ್ದೋರ ಬದ್ಲಿಗೆ ಮನೆಯೋರು ಉಪವಾಸ ಕೂತು, ದಾರ ಕಟ್ಕೊಂಡ್ರೆ ಅದು ಅವ್ರಿಗೆ ಸೇರ್ತೈತೆ. ಆದ್ರೆ ನಾನ್ ಕೂರಕ್ಕಾಗಲ್ಲ, ನಂದು ನಂಗೈತೆ. ಮದ್ವೆಯಾದ ಗಂಡಿನ ಬದ್ಲಿಗೆ ಕೂರೋಳು ಒಬ್ಳೇ."

"ಯಾರಮ್ಮ?"

ಅವರು ವಯರು ಎಳೆಯುವಷ್ಟು ಎಳೆದು ಫೋನನ್ನು ಬಾಗಿಲ ಕಡೆಗೆ ತಿರುಗಿಸಿದರು. ಭಾಗ್ಯ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಯಾರೋ ನಿಂತವ್ರೆ. ಹಿಂದ್ಗಡೆ ಬೆಳಕೈತೆ ಕಣಮ್ಮ, ಬರೀ ಕಪ್ಪಗೆ ಕಾಣ್ತೈತೆ. ಯಾರದು?"

ಮುನಿವೆಂಕಟಮ್ಮ ಫೋನು ಕೆಳಗಿಳಿಸಲಿಲ್ಲ. ಅದನ್ನು ಹಾಗೇ ಹಿಡಿದುಕೊಂಡು, ಭಾಗ್ಯಳ ಕಡೆ ಸಿಡುಕಿನಿಂದ ನೋಡಿದರು.

"ಏಯ್ ಹುಡುಗಿ, ಅಲ್ಲಿ ನಿಂತ್ರೆ ಅವ್ನಿಗೆ ಕಾಣಲ್ವಂತೆ. ಒಳಕ್ಕೆ ಬಾ."

ಭಾಗ್ಯ ನನ್ನ ಕೈ ಬಿಟ್ಟು, ಚಪ್ಪಲಿ ಕಳಚಿದಳು.